ಯಾರೂ ಏನೂ ಕೇಳುವುದಿಲ್ಲ

ಎರಡು ವಾರದಿಂದ ನಾನು ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗುತ್ತಿದ್ದೇನೆ.

ಇದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಎರಡೂ ಕಾಲು ಊರಲು ಜಾಗ ಸಿಕ್ಕರೆ ದೇವರಿಗೆ ಕೈಮುಗಿಯುವ ಊರು ನಮ್ಮದು. ಆದರೆ ನನಗೆ ಎರಡು ವರ್ಷದಿಂದ ಸೀಟು ಸಿಗುತ್ತಿತ್ತು. ಪೂರ್ತಿ ಸೀಟಲ್ಲ, ಫೋರ್ಥ್ ಸೀಟ್. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಊರಿ, ಇನ್ನರ್ಧವನ್ನು ಗಾಳಿಗೆ ಬಿಟ್ಟು ಕೂರುವುದು. (ನಮ್ಮ ಕಡೆ ಇದಕ್ಕೇ ಸುಖ ಎನ್ನುತ್ತಾರೆ.)

ಆ ಅರ್ಧ ಸೀಟನ್ನು ನನಗಾಗಿ ಹಿಂದಿನ ಅಂಬರನಾಥ ಸ್ಟೇಷನ್ನಿನಿಂದಲೇ ಕಾಯ್ದುಕೊಂಡು ಬರುತ್ತಿದ್ದವಳು ಮಹಾದೇವಿ. ವಿಜಯಪುರದ ಕಡೆಯವಳು. ವಾಶಿಯಲ್ಲಿ ಒಂದು ಕಂಪೆನಿಯ ಆಫೀಸಿನಲ್ಲಿ ಕೆಲಸ. ಕಲ್ಯಾಣದಲ್ಲಿ ಜನ ನುಗ್ಗಿದಾಗ ಬ್ಯಾಗು ಅಡ್ಡ ಇಟ್ಟು, "ಡೊಂಬಿವಲೀಲಾ ಮಾಝೀ ತಾಈ ಯೇಣಾರ್ ಆಹೇ" ಎಂದು, ಡೊಂಬಿವಲಿಯಲ್ಲಿ ನನ್ನ ಅಕ್ಕ ಹತ್ತುತ್ತಾಳೆ ಎಂದು, ಮರಾಠಿಯಲ್ಲಿ ಜಗಳವಾಡಿ ಉಳಿಸುತ್ತಿದ್ದಳು. ಆ ಜಗಳದ ಹೊತ್ತಿಗೆ ನಾನು ಅವಳ ಸ್ವಂತ ಅಕ್ಕನಾಗುತ್ತಿದ್ದೆ.

ಈಗ ಮಹಾದೇವಿ ನಮ್ಮ ಡಬ್ಬಿಗೆ ಬರುವುದಿಲ್ಲ. ಮುಂದಿನ ಲೇಡೀಸ್ ಡಬ್ಬಿಗೆ ಹತ್ತುತ್ತಾಳೆ. ಯಾಕೆಂದರೆ ದಿನಾ ಜೊತೆಗೆ ಓಡಾಡುವ ನಮ್ಮ ಗ್ರೂಪಿನವರು ಅವಳನ್ನು ಕಳ್ಳಿ ಮಾಡಿದ್ದಾರೆ.

ಮಾಡಿದ್ದಾರೆ ಎಂದೆನೇ? ತಪ್ಪಾಯಿತು. ಯಾರೂ ಮಾಡಿಲ್ಲ. ಯಾರೂ ಅವಳ ಹೆಸರು ಕೂಡ ಎತ್ತಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ಮೊದಲಿನಿಂದ ಹೇಳುತ್ತೇನೆ. ದಸರೆಯ ಹಿಂದಿನ ದಿನ ಮುಂಬಯಿ ಲೋಕಲ್‌ಗಳಲ್ಲಿ ಪೂಜೆ ಮಾಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ವರ್ಷವಿಡೀ ನಮ್ಮನ್ನು ಹೊತ್ತ ಗಾಡಿಗೂ ಒಂದು ಆಯುಧಪೂಜೆ. ನಮ್ಮ ಡಬ್ಬಿಯಲ್ಲಿ ಇಪ್ಪತ್ತೆರಡು ಹೆಂಗಸರ ಗ್ರೂಪು. ಅರ್ಧಕ್ಕಿಂತ ಹೆಚ್ಚು ಕನ್ನಡದವರು, ಉಳಿದವರು ಮರಾಠಿಯವರು. ಕಿಟಕಿಗಳಿಗೆಲ್ಲ ಗೊಂಡೆಹೂವಿನ ಮಾಲೆ, ಸೀಟಿನ ಮೇಲೆ ದೇವಿಯ ಫೋಟೋ, ಮುಂದೆ ಬ್ಯಾಟರಿಯ ದೀಪ. (ನಿಜವಾದ ದೀಪ ಹಚ್ಚಿದರೆ ಪೊಲೀಸರು ಬರುತ್ತಾರೆ.) ಗ್ರೂಪಿನ ಹಿರಿಯಳು, ನಮ್ಮ ಉಡುಪಿ ಕಡೆಯ ಜಯಂತಿ ಅಕ್ಕ, ತನ್ನ ಅತ್ತೆ ಕೊಟ್ಟ ಬೆಳ್ಳಿಯ ಕುಂಕುಮ ಭರಣಿ ತರುತ್ತಾರೆ. ನಿಂಬೆಹಣ್ಣಿನಷ್ಟಿದೆ. ಎಲ್ಲರ ಹಣೆಗೂ ಅದರದೇ ಕುಂಕುಮ.

ಈ ಸಲ ಮಹಾದೇವಿ ಬನ್ನಿ ತಂದಿದ್ದಳು. ಮರುದಿನ ರಜೆಯಲ್ಲವೇ, ಒಂದು ದಿನ ಮೊದಲೇ ಎಲ್ಲರ ಕೈಗೂ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರಧಂಗ ಇರೋಣ್ರಿ" ಎಂದಳು. ಮರಾಠಿಯವರಿಗೂ ಕೊಟ್ಟಳು, ಕಿಟಕಿಯ ಪಕ್ಕ ಮೊಬೈಲ್ ನೋಡುತ್ತ ಕೂತಿದ್ದ ಗುರುತಿಲ್ಲದ ಹುಡುಗಿಗೂ ಕೊಟ್ಟಳು.

ಪೂಜೆಗೆ ಇರುವುದು ಡೊಂಬಿವಲಿಯಿಂದ ಠಾಣೆಯವರೆಗಿನ ಹೊತ್ತು ಅಷ್ಟೆ. ಠಾಣೆಯಲ್ಲಿ ಹೊಸ ಜನ ನುಗ್ಗುವ ಮೊದಲು ಎಲ್ಲ ಬಾಚಿ ಎತ್ತಬೇಕು. ಮಹಾದೇವಿ ಫೋಟೋ ಮತ್ತು ದೀಪ ಒರೆಸಿ ಜಯಂತಿ ಅಕ್ಕನ ಚೀಲಕ್ಕೆ ಹಾಕಿದಳು. ಒಬ್ಬರು ಪ್ರಸಾದದ ಡಬ್ಬ ಎತ್ತಿದರು, ಒಬ್ಬರು ಹೂವು ಬಾಚಿದರು. ನಾನೂ ಮಹಾದೇವಿಯೂ ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹಿಡಿಯಲು ಓಡಿದೆವು. ಜಯಂತಿ ಅಕ್ಕ ಮುಂದೆ ಹೋದರು.

ದಸರೆಯ ಮರುದಿನ ಬೆಳಗ್ಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಜಯಂತಿ ಅಕ್ಕನ ಸಂದೇಶ: "ಪೂಜೆಯ ಭರಣಿ ಕಾಣ್ತಿಲ್ಲ. ಯಾರ ಕೈಗೆ ಬಂದಿದೆಯೋ ಅವರು ದಯವಿಟ್ಟು ಸುಮ್ಮನೆ ವಾಪಸ್ ಇಡಿ. ಯಾರೂ ಏನೂ ಕೇಳುವುದಿಲ್ಲ." ಕೆಳಗೆ ಮುಗಿದ ಕೈಗಳ ಮೂರು ಜೋಡಿ. ಅದನ್ನೇ ಮತ್ತೆ ಹಿಂದಿಯಲ್ಲೂ ಹಾಕಿದ್ದರು. (ಯಾರಿಗೂ ಅರ್ಥವಾಗದೆ ಹೋಗಬಾರದಲ್ಲ.)

ಹದಿನಾರು ಹೆಬ್ಬೆರಳುಗಳು ಬಂದವು. ನಾನೂ ಒಂದು ಒತ್ತಿದೆ. ಕುಕ್ಕರ್ ಕೂಗುತ್ತಿತ್ತು, ಓದಿದೆನೋ ಇಲ್ಲವೋ, ಒತ್ತಿದೆ.

ಸಂಜೆ ಇನ್ನೊಬ್ಬರು ಬರೆದರು: "ಕೊನೆಗೆ ಸಾಮಾನು ಜೋಡಿಸಿದ್ದು ಅಂಬರನಾಥದವರು ಅಲ್ವಾ? ಸುಮ್ಮನೆ ಕೇಳಿದೆ." ಅಂಬರನಾಥದಿಂದ ನಮ್ಮ ಗ್ರೂಪಿಗೆ ಬರುವವರು ಎಷ್ಟು ಜನ? ಒಬ್ಬಳು. ಆ "ಸುಮ್ಮನೆ ಕೇಳಿದೆ" ಎಂಬ ಮಾತಿದೆಯಲ್ಲ, ಅದನ್ನು ಕಂಡುಹಿಡಿದವರು ಯಾರೋ ನನಗೆ ಒಮ್ಮೆ ನೋಡಬೇಕಿದೆ. ಕಲ್ಲೂ ಎಸೆದ ಹಾಗಾಯಿತು, ಕೈಯೂ ಜೇಬಿನಲ್ಲಿದ್ದ ಹಾಗಾಯಿತು.

ಮರುದಿನದಿಂದ ರೈಲಿನಲ್ಲಿ ಮೌನ. ಮಹಾದೇವಿ ತಿಂಡಿಯ ಡಬ್ಬದಿಂದ ಚಕ್ಕುಲಿ ತೆಗೆದರೆ ಎಲ್ಲರಿಗೂ ಒಟ್ಟಿಗೇ ಉಪವಾಸ. ಅವಳು ಪಕ್ಕಕ್ಕೆ ಬಂದರೆ ತೊಡೆಯ ಮೇಲಿದ್ದ ಬ್ಯಾಗುಗಳು ಎದೆಗೆ ಏರುತ್ತಿದ್ದವು. ಗ್ರೂಪಿನ ಒಬ್ಬಳಿಗೆ ಮಹಾದೇವಿಯದೇ ಆಫೀಸಿನಲ್ಲಿ ಕೆಲಸ. ಸುದ್ದಿ ಅವಳ ಜೊತೆಗೇ ವಾಶಿಯಲ್ಲಿ ಇಳಿಯಿತು.

ಮೂರನೆಯ ದಿನ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ, ವಾಶಿ ಗಾಡಿ ಕಾಯುತ್ತ, ಮಹಾದೇವಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ಆಫೀಸಿನ್ಯಾಗ ನಾ ಎದ್ದು ನಿಂತ್ರ ಸಾಕು, ಬಾಜೂ ಟೇಬಲ್‌ನಾಕಿ ಡ್ರಾವರ್ ಕೀಲಿ ಹಾಕ್ತಾಳ್ರಿ. ಆರು ವರ್ಷ ಆತು ನಾ ಅಲ್ಲಿ."

"ನೀನು ಗ್ರೂಪಲ್ಲಿ ಹೇಳಿಬಿಡು, ನಾನು ತಗೊಂಡಿಲ್ಲ ಅಂತ" ಎಂದೆ.

"ಹೆಂಗ ಹೇಳ್ಲಿ? ನನ್ನ ಹೆಸರು ಯಾರೂ ತಗೊಂಡೇ ಇಲ್ಲಲ್ರೀ. ಹೆಸರು ಹೇಳಿ ಬೈದಿದ್ರ ಎದುರು ನಿಂತು ಜಗಳಾನಾದ್ರೂ ಮಾಡ್ತಿದ್ದೆ. ಇದು ಯಾರ ಜೋಡಿ ಜಗಳಾ ಮಾಡ್ಲಿ?"

ಗಾಡಿ ಬಂತು, ಹತ್ತಿದೆವು. ನಾನು ಐರೋಲಿಯಲ್ಲಿ ಇಳಿದು ಆಫೀಸಿಗೆ ಹೋಗಿ ಕಂಪ್ಯೂಟರ್ ತೆರೆದಾಗ ಅವಳ ಪ್ರಶ್ನೆಗೆ ಉತ್ತರ ಪರದೆಯ ಮೇಲೇ ಇತ್ತು.

ನನ್ನ ಹೊಟ್ಟೆಪಾಡು ಏನೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ಅಮೆರಿಕದ ಹಳೇ ಪೇಪರುಗಳ ಸ್ಕ್ಯಾನ್ ಮಾಡಿದ ಪುಟಗಳು ನಮ್ಮ ಐರೋಲಿಯ ಆಫೀಸಿಗೆ ಬರುತ್ತವೆ. ನೂರು, ನೂರೈವತ್ತು ವರ್ಷ ಹಳೆಯವು. ಪ್ರತಿ ತುಣುಕಿಗೂ ಚೌಕಟ್ಟು ಹಾಕಿ, ಇದು ಸುದ್ದಿ, ಇದು ಜಾಹೀರಾತು, ಇದು ಮರಣವಾರ್ತೆ ಎಂದು ಟ್ಯಾಗ್ ಹಚ್ಚುವುದು ನಮ್ಮ ಕೆಲಸ. ಯಾವುದೋ ಊರಿನ ಯಾರದೋ ಮುತ್ತಜ್ಜನನ್ನು ಅವರ ಮರಿಮಕ್ಕಳು ಮುಂದೆ ಹುಡುಕಿದರೆ ಸಿಗಬೇಕು, ಅದಕ್ಕೆ.

ಆ ಪುಟಗಳಲ್ಲಿ ಆಗಾಗ ಒಂದು ತಲೆಬರಹ ಬರುತ್ತದೆ: "ಎ ಕಾರ್ಡ್". ಅಷ್ಟೇ. ಕೆಳಗೆ ಹತ್ತು ಹದಿನೈದು ಸಾಲು, ಕೊನೆಯಲ್ಲಿ ಒಂದು ಹೆಸರು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಅವನ್ನೆಲ್ಲ ಓದದೇ ಜಾಹೀರಾತಿಗೆ ಸೇರಿಸಿದ್ದೆ. ಕಾರ್ಡ್ ಮಾರುವ ಅಂಗಡಿ ಇರಬೇಕು ಎಂದುಕೊಂಡೆ. ಇಡೀ ಬ್ಯಾಚ್ ವಾಪಸ್ ಬಂತು, ಬೈಗುಳದ ಜೊತೆ.

ಆಗ ಕೂತು ಓದಿದೆ. ಆ ಕಾಲದ ಅಮೆರಿಕದ ಪೇಪರುಗಳಲ್ಲಿ "ಕಾರ್ಡ್" ಅಂದರೆ ಒಬ್ಬ ಮನುಷ್ಯ ಊರಿಗೆಲ್ಲ ಕೇಳುವಂತೆ, ಸ್ವಂತ ಹೆಸರು ಹಾಕಿ, ತನ್ನ ಮಾತು ಹೇಳುವುದು. ನನ್ನ ಅಂಗಡಿಯ ಹಿಟ್ಟಿನ ಬಗ್ಗೆ ಗುಸುಗುಸು ನಡೆದಿದೆ, ಅನುಮಾನ ಇದ್ದವರು ಬಂದು ಮೂಟೆ ಬಿಚ್ಚಿ ನೋಡಿ ಎಂದು ಒಬ್ಬ. ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತ ನೆರೆಯವರಿಗೆ ಉಪಕಾರ ಸ್ಮರಿಸುತ್ತೇನೆ ಎಂದು ಒಬ್ಬ ವಿಧವೆ. ಇಂಥವರ ಬಗ್ಗೆ ಸಿಟ್ಟಿನಲ್ಲಿ ನಾನಾಡಿದ ಮಾತು ಸುಳ್ಳು, ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಇನ್ನೊಬ್ಬ. ಕಾರ್ಡುಗಳಲ್ಲಿ ಬೈಗುಳವೂ ಇರುತ್ತಿತ್ತು. ಕೆಲವು ಜಗಳ ಪಿಸ್ತೂಲಿನವರೆಗೂ ಹೋದದ್ದುಂಟು. ಸಾಧುಗಳೇನಲ್ಲ ಅವರು. ಆದರೆ ಬೈದವನ ಹೆಸರು ಬೈಗುಳದ ಕೆಳಗೇ ಇರುತ್ತಿತ್ತು. ಬೈಸಿಕೊಂಡವನಿಗೆ ಯಾರ ಮನೆ ಬಾಗಿಲು ಬಡಿಯಬೇಕೆಂದು ಗೊತ್ತಿರುತ್ತಿತ್ತು.

ನಮ್ಮಲ್ಲಿ?

ನಮ್ಮಲ್ಲೂ ಹೆಸರು ಹಾಕುವುದಕ್ಕೇನೂ ಬರವಿಲ್ಲ. ಡೊಂಬಿವಲಿ ಸ್ಟೇಷನ್ನಿನಿಂದ ನನ್ನ ಮನೆಗೆ ಹೋಗುವ ಹತ್ತು ನಿಮಿಷದ ದಾರಿಯಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಯಾರೋ ಪುಢಾರಿ ಭಾವೂನ ಹುಟ್ಟುಹಬ್ಬದ ಫ್ಲೆಕ್ಸ್. ಕೆಳಗೆ ಶುಭೇಚ್ಛುಕರೆಂದು ನಲವತ್ತು ಹೆಸರು, ನಲವತ್ತು ಮುಖ, ಅರ್ಧದಷ್ಟು ಜನ ಕಪ್ಪು ಕನ್ನಡಕದಲ್ಲಿ. ಯಾರಾದರೂ ಸತ್ತರೆ ಶ್ರದ್ಧಾಂಜಲಿಯ ಫ್ಲೆಕ್ಸ್; ಸತ್ತವರ ಫೋಟೋಗಿಂತ ದುಃಖಿಸುವವರ ಫೋಟೋ ದೊಡ್ಡದು. ಶುಭಾಶಯಕ್ಕೆ ನಾವು ಪೂರ್ತಿ ಹೆಸರು ಹಾಕುತ್ತೇವೆ, ಅಪ್ಪನ ಹೆಸರಿನ ಸಮೇತ. ಒಬ್ಬ ಹೆಂಗಸಿನ ಮಾನ ತೆಗೆಯುವಾಗ ಮಾತ್ರ "ಯಾರೋ ಹೇಳಿದರು", "ಬಂದದ್ದನ್ನು ಹಾಗೇ ಕಳಿಸಿದೆ", "ಸುಮ್ಮನೆ ಕೇಳಿದೆ".

ಮರುದಿನ ಮಹಾದೇವಿಗೆ ಹೇಳಿದೆ, "ನೀನೊಂದು ಕಾರ್ಡ್ ಹಾಕು." ನಾನೇ ಬರೆದುಕೊಟ್ಟೆ. ಐದೇ ಸಾಲು. ಅಂಬರನಾಥದವಳು ನಾನೊಬ್ಬಳೇ, ಮಾತು ನನ್ನ ಬಗ್ಗೆಯೇ ಎಂದು ಎಲ್ಲರಿಗೂ ಗೊತ್ತು, ಭರಣಿಯನ್ನು ನಾನು ತೆಗೆದುಕೊಂಡಿಲ್ಲ, ಅನುಮಾನ ಇದ್ದವರು ಹೆಸರು ಹಾಕಿ ಕೇಳಿ, ಇಂತಿ ಮಹಾದೇವಿ ಮಲ್ಲಪ್ಪ ಬಿರಾದಾರ. ಬರೆದು ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ಅವಳು ಎರಡು ಸಲ ಓದಿ, ಕಣ್ಣು ಒರೆಸಿಕೊಂಡು, ಗ್ರೂಪಿಗೆ ಕಳಿಸಿದಳು.

ಏನಾಯಿತು ಗೊತ್ತೇ? ಒಂದು ಹೆಬ್ಬೆರಳೂ ಬರಲಿಲ್ಲ. ನನ್ನದೊಂದು ಬಿಟ್ಟು. ಅರ್ಧ ಗಂಟೆಯ ಮೇಲೆ ಜಯಂತಿ ಅಕ್ಕ ನನಗೇ ಫೋನ್ ಮಾಡಿದರು.

"ಅಲ್ಲ ಮಾರಾಯ್ತಿ, ಅವಳ ಹೆಸ್ರು ನಾವು ಯಾರಾದ್ರೂ ಹೇಳಿದ್ದುಂಟಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲ ಇದು."

ಈ ಗಾದೆಯನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ. ಅದು ಎಂಥ ಕ್ರೂರ ಗಾದೆ ಎಂದು ಗೊತ್ತಾದದ್ದು ಅವತ್ತೇ. ಇಪ್ಪತ್ತು ಜನ ಒಟ್ಟಿಗೆ ನಿನ್ನ ಹೆಗಲನ್ನೇ ದುರುಗುಟ್ಟಿ ನೋಡುತ್ತಿದ್ದರೆ ಏನು ಮಾಡಬೇಕು? ಮುಟ್ಟಿದರೆ ಕಳ್ಳಿ. ಮುಟ್ಟದಿದ್ದರೆ ಗಟ್ಟಿಗಿತ್ತಿ ಕಳ್ಳಿ.

ಆ ರಾತ್ರಿಯೇ ಗ್ರೂಪಿನ ಸೆಟ್ಟಿಂಗ್ ಬದಲಾಯಿತು. ಇನ್ನು ಮೇಲೆ ಅಡ್ಮಿನ್ ಮಾತ್ರ ಬರೆಯಬಹುದು. ಅಡ್ಮಿನ್ ಯಾರು? ಜಯಂತಿ ಅಕ್ಕ. "ಶಾಂತಿ ಇರ್ಲಿ ಅಂತ" ಎಂದು ಕಾರಣವನ್ನೂ ಬರೆದರು. ಮಹಾದೇವಿ ಗ್ರೂಪು ಬಿಟ್ಟಳು, ಡಬ್ಬಿಯನ್ನೂ ಬಿಟ್ಟಳು. ನಮ್ಮವರಿಗೆ ದುಃಖವಾಯಿತೇ? ಆಯಿತು. "ಛೆ, ಅಂಬರನಾಥದಿಂದ ಸೀಟು ಹಿಡಿಯೋರೇ ಇಲ್ಲ ಈಗ" ಎಂದು ಇಬ್ಬರು ನನ್ನ ಎದುರಿಗೇ ಹಳಹಳಿಸಿದರು.

ಹೀಗೆ ಹತ್ತು ಹನ್ನೆರಡು ದಿನ ನಾನು ನಿಂತು ಓಡಾಡಿದೆ, ಉರಿದುಕೊಂಡೇ ಓಡಾಡಿದೆ. ಈ ಅಂಕಣಕ್ಕೆ ಖಾರವಾದ ಲೇಖನವೊಂದು ಮನಸ್ಸಿನಲ್ಲೇ ತಯಾರಾಯಿತು. ಅದರಲ್ಲಿ ನಾನೊಬ್ಬಳೇ ನ್ಯಾಯವಂತೆ.

ಕಳೆದ ಭಾನುವಾರ ದೀಪಾವಳಿಯ ಸಾಫ್‌ಸಫಾಯಿ. ಚೀಲದಲ್ಲಿ ಏನೋ ಕೊಳೆಯುತ್ತಿದೆ, ಎಸೆದುಬಿಡಲೇ ಎಂದು ಮಗಳು ಬಾಲ್ಕನಿಯಿಂದ ಕೂಗಿದಳು. (ನಾನು ಕನ್ನಡದಲ್ಲಿ ಮಾತಾಡಿದರೂ ಅವಳ ಉತ್ತರ ಹಿಂದಿಯಲ್ಲಿ.) "ಮಮ್ಮೀ, ಯೇ ಥೈಲೀ ಮೇ ಕ್ಯಾ ಸಡ್ ರಹಾ ಹೈ? ಫೇಂಕ್ ದೂಂ?"

"ನಿರ್ಮಾಲ್ಯ ಅದು! ಕಸದ ಡಬ್ಬಕ್ಕೆ ಹಾಕಬೇಡ" ಎಂದು ಓಡಿದೆ.

ನಮ್ಮ ಕಡೆಯ ಮನೆಗಳ ಗ್ರಿಲ್ಲುಗಳನ್ನು ನೀವು ನೋಡಿರುತ್ತೀರಿ. ಒಂದಲ್ಲ ಒಂದು ಚೀಲ ನೇತಾಡುತ್ತಲೇ ಇರುತ್ತದೆ. ದೇವರಿಗೆ ಏರಿಸಿದ ಹೂವನ್ನು ಕಸಕ್ಕೆ ಹಾಕುವಂತಿಲ್ಲ. ಮುನಿಸಿಪಾಲಿಟಿ ಇಟ್ಟಿರುವ ನಿರ್ಮಾಲ್ಯದ ಕಲಶಕ್ಕೆ ಹಾಕಬೇಕು, ಇಲ್ಲವೇ ಖಾಡಿಯ ಹಿನ್ನೀರಿಗೆ ಬಿಡಬೇಕು. ಹೋಗಲು ಪುರುಸೊತ್ತಿಲ್ಲ. ಹೀಗಾಗಿ ಭಕ್ತಿ ಗ್ರಿಲ್ಲಿನಲ್ಲಿ ಒಣಗುತ್ತಿರುತ್ತದೆ. ನನ್ನ ಗ್ರಿಲ್ಲಿನಲ್ಲಿ ಒಣಗುತ್ತಿದ್ದದ್ದು ರೈಲಿನ ಪೂಜೆಯ ಹೂವು. ಅವತ್ತು ಬಾಚಿದವರು "ಒಬ್ಬರು" ಎಂದೆನಲ್ಲ ಮೇಲೆ, ಅದು ನಾನು.

ಪ್ಲಾಸ್ಟಿಕ್ ಚೀಲದ ಸಮೇತ ಹಾಕಬಾರದೆಂದು ಪೇಪರಿನ ಮೇಲೆ ಸುರಿದೆ. ಕಪ್ಪಾದ ಗೊಂಡೆಹೂವು, ಮಹಾದೇವಿಯ ಬನ್ನಿ ಎಲೆ, ಮತ್ತು ಎಲ್ಲದರ ಮೇಲೂ ಕೆಂಪು. ಮಗಳು "ಯೇ ಕ್ಯಾ ಹೈ" ಎಂದು ಕೈಹಾಕಿ ತೆಗೆದಳು. ಮುಚ್ಚಳ ಬಿಚ್ಚಿಕೊಂಡಿದ್ದ ಬೆಳ್ಳಿಯ ಭರಣಿ.

ಠಾಣೆ ಬಂತು ಎಂಬ ಗಡಿಬಿಡಿಯಲ್ಲಿ ಎರಡೂ ಕೈಯಿಂದ ಬಾಚಿದ್ದೆ. ಹೂವಿನ ರಾಶಿಯೊಳಗೆ ಅದೂ ಬಂದಿತ್ತು. ಮಗಳ ಮಾತಿನಂತೆ ಎಸೆದಿದ್ದರೆ ಅದು ಕಸದ ಗಾಡಿ ಸೇರುತ್ತಿತ್ತು. ಮಹಾದೇವಿ ಬದುಕಿರುವ ತನಕ ಕಳ್ಳಿಯಾಗಿಯೇ ಉಳಿಯುತ್ತಿದ್ದಳು.

ಮೊದಲು ನನಗೆ ಬಂದ ಯೋಚನೆ ಏನೆಂದು ನಾಚಿಕೆ ಬಿಟ್ಟು ಹೇಳುತ್ತೇನೆ. ನಾಳೆ ರೈಲಿನಲ್ಲಿ ಜಯಂತಿ ಅಕ್ಕನ ಚೀಲಕ್ಕೆ ಮೆಲ್ಲನೆ ಹಾಕಿಬಿಡೋಣ. ಯಾರೂ ಏನೂ ಕೇಳುವುದಿಲ್ಲ ಎಂದು ಅವರೇ ಬರೆದಿದ್ದಾರಲ್ಲ? ಎಂಥ ಹಿತವಾದ ಮಾತು ಅನಿಸಿತು, ನನ್ನ ಮೇಲೆ ಬಂದಾಗ. ಗಂಡನೂ ತುಳುವಿನಲ್ಲಿ ಅದನ್ನೇ ಹೇಳಿದರು: "ಮನಿಪಂದೆ ಕುಲ್ಲು." ಸುಮ್ಮನೆ ಕೂತುಕೋ.

ಕೂರಲಾಗಲಿಲ್ಲ. ಜಯಂತಿ ಅಕ್ಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಕ್ಕುಬಿಟ್ಟರು.

"ಅಯ್ಯೋ, ನೀನಾ! ಹೋಗ್ಲಿ ಬಿಡು, ಸಿಕ್ಕಿತಲ್ಲ. ನಮ್ಮವಳ ಹತ್ರವೇ ಇತ್ತಲ್ಲ."

"ಗ್ರೂಪಲ್ಲಿ ನಾನು ಬರೀಬೇಕು ಜಯಂತಿ ಅಕ್ಕ. ಸೆಟ್ಟಿಂಗ್ ತೆಗೀರಿ."

"ನೀನು ಯಾಕೆ ಬರೀತಿ? ನಾನೇ ಹಾಕ್ತೇನೆ. ಎಲ್ಲಿ ಸಿಕ್ಕಿತು, ಯಾರ ಹತ್ರ ಸಿಕ್ಕಿತು ಅಂತೆಲ್ಲ ಯಾಕೆ, ಸುಮ್ಮನೆ ನಿಂಗೂ ಬೇಜಾರು."

ಹಾಕಿದರು: "ಭರಣಿ ಸಿಕ್ಕಿದೆ. ದೇವಿಯ ದಯೆ." ಹತ್ತೊಂಬತ್ತು ಹೆಬ್ಬೆರಳು.

ಸೋಮವಾರ ರೈಲಿನಲ್ಲಿ ಒಬ್ಬರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಕೊನೆಗೂ ವಾಪಸ್ ಕೊಟ್ಟಳಂತೆ. ಬುದ್ಧಿ ಬಂತು ನೋಡಿ."

ಅರ್ಥವಾಯಿತೇ? ಭರಣಿ ಸಿಕ್ಕಿದ್ದರಿಂದಲೇ ಮಹಾದೇವಿಯ ಮೇಲಿನ ಕಳ್ಳತನ ಪಕ್ಕಾ ಆಯಿತು! ಸುಮ್ಮನೆ ವಾಪಸ್ ಇಡಿ ಎಂದರು. ಯಾರೋ ಸುಮ್ಮನೆ ಇಟ್ಟರು. ಹಾಗಾದರೆ ಇಟ್ಟವಳು ಅವಳೇ. "ಅದು ನನ್ನ ಹತ್ತಿರ ಇತ್ತು ರೀ" ಎಂದು ಗಟ್ಟಿಯಾಗಿ ಹೇಳಿದೆ. "ನೀವು ಒಳ್ಳೆಯವರು, ಅವಳನ್ನ ಉಳಿಸ್ಲಿಕ್ಕೆ ಹೇಳ್ತೀರಿ" ಎಂದರು ಆಕೆ. ನನ್ನ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ.

ಆ ಸಂಜೆ ಡೊಂಬಿವಲಿಯಲ್ಲಿ ಇಳಿಯದೆ ಸೀದಾ ಅಂಬರನಾಥಕ್ಕೆ ಹೋದೆ. ಮಹಾದೇವಿ ಬಾಗಿಲು ತೆರೆದು, ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಕೈ ನಿಮ್ಮದ, ಚೀಲಾ ನಿಮ್ಮದ" ಎಂದಳು. "ಆ ಐದು ಸಾಲೂ ನೀವ ಬರದ್ ಕೊಟ್ರಿ, ಅಲ್ರೀ?"

"ತಪ್ಪಾಯಿತು ಮಹಾದೇವಿ."

"ನನಗಷ್ಟ ಹೇಳಿದ್ರ ಏನ್ ಬಂತ್ರಿ ಅಕ್ಕಾರ? ನಾ ತಗೊಂಡಿಲ್ಲಂತ ನನಗ ಗೊತ್ತೇ ಐತಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ವಾರಾ ವಾರಾ ಪೇಪರಿನ್ಯಾಗ ಜಗತ್ತಿಂದೆಲ್ಲಾ ಬರೀತೀರಿ. ಇದನ್ನೂ ಬರೀರಿ. ನನ್ನ ಹೆಸರು ಪೂರಾ ಹಾಕ್ರಿ. ಹೆಸರಿಲ್ದ ಸಾಕಾಗಿ ಹೋಗೇತಿ ನನಗ."

(ಹೆಸರುಗಳನ್ನು ಬದಲಿಸೋಣ ಎಂದು ಸಂಪಾದಕರು ಹೇಳಿದರು. ಬೇಡ ಎಂದೆ. ಈ ಒಂದು ವಾರ ನನಗೆ ಈ ಜಾಗ ಬಿಟ್ಟುಕೊಡಿ ಎಂದೆ.)

ಒಂದು ಕಾರ್ಡ್. ಎಲ್ಲರ ಗಮನಕ್ಕೆ.

ದಸರೆಯ ಹಿಂದಿನ ದಿನ ನಮ್ಮ ಲೇಡೀಸ್ ಡಬ್ಬಿಯ ಪೂಜೆಯಲ್ಲಿ ಕಾಣೆಯಾದ ಬೆಳ್ಳಿಯ ಕುಂಕುಮ ಭರಣಿಯನ್ನು ನಿರ್ಮಾಲ್ಯದ ಜೊತೆ ಬಾಚಿ ಚೀಲಕ್ಕೆ ತುಂಬಿದವಳು ನಾನು. ಮೊನ್ನೆ ಭಾನುವಾರದವರೆಗೆ ಅದು ನನ್ನ ಮನೆಯ ಗ್ರಿಲ್ಲಿನಲ್ಲಿತ್ತು. ಅಂಬರನಾಥದ ಮಹಾದೇವಿ ಮಲ್ಲಪ್ಪ ಬಿರಾದಾರ ಅದನ್ನು ತೆಗೆದುಕೊಂಡೂ ಇಲ್ಲ, ವಾಪಸ್ ಕೊಟ್ಟೂ ಇಲ್ಲ. ಅವಳ ಮೇಲೆ ಅನುಮಾನ ಹುಟ್ಟಿಸಿದ ಸಂದೇಶಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ನಾನೂ ಒಬ್ಬಳು. ಅವಳ ಕ್ಷಮೆ ಕೇಳುತ್ತೇನೆ. ಇಂತಿ, ವಸಂತಿ ಸುಧಾಕರ ರಾವ್, ಡೊಂಬಿವಲಿ ಪೂರ್ವ.

ನಮ್ಮ ಗ್ರೂಪಿನಲ್ಲಿ ಈ ಪೇಪರ್ ಓದುವವರು ಏಳೆಂಟು ಮಂದಿಯಾದರೂ ಇದ್ದೀರಿ. ನಾಳೆ ಬೆಳಗ್ಗೆ ಅದೇ ಡಬ್ಬಿಯಲ್ಲಿ, ಅದೇ ಕಂಬ ಹಿಡಿದು ನಿಂತಿರುತ್ತೇನೆ. ಭರಣಿ ಯಾರ ಹತ್ತಿರ ಇತ್ತೆಂದು ಈಗ ಹೆಸರಿನ ಸಮೇತ ಅಚ್ಚಾಗಿದೆ.

ನನ್ನನ್ನೂ ಯಾರೂ ಏನೂ ಕೇಳುವುದಿಲ್ಲವೇ?